ಯಾವ ಮೂವತ್ತೆಂಟು?

ಹೊಲಿಗೆ ಮೆಷಿನ್ನಿನ ಎಡಗಡೆ ಡ್ರಾಯರಿನಲ್ಲಿ
ಗುಂಡಿಗಳ ಡಬ್ಬಿಯ ಪಕ್ಕ ಗುಂಡುಗಳ ಡಬ್ಬಿ,
ಅದರ ಹಿಂದೆ, ಫ್ಲಾನೆಲ್ ಸುತ್ತಿಕೊಂಡು, ಅದು.

ಥೋರಾ ದೊಡ್ಡಮ್ಮ ಹೋಗಿ ಹನ್ನೊಂದು ದಿನ.
ನಾನು ಸ್ಕೂಲ್ ಬಸ್ ಓಡಿಸುವವಳು.
ಹಾವು ಕಂಡವಳ ಹಾಗೆ ಮೊದಲು ಕೈ ಎಳೆದುಕೊಂಡೆ,
ಆಮೇಲೆ ಎರಡನ್ನೂ ಊಟದ ಚೀಲಕ್ಕೆ ಹಾಕಿಕೊಂಡು
ಮೈನಾಟ್ ಕಡೆ ಹೊರಟೆ, ಎಪ್ಪತ್ತು ಮೈಲಿ,
ಎರಡೂ ಬದಿ ಕೊಯ್ದ ಗೋಧಿಯ ಕೂಳೆ,
ಅಲ್ಲಲ್ಲಿ ಹಿಮ.
ದಾರಿಯಲ್ಲಿ ಒಂದು ಪೆಟ್ಟಿಗೆ ಹೊಸ ತೋಟಾ ಕೊಂಡೆ.
ನಳಿಗೆಯ ಮೇಲೆ ಮೂವತ್ತೆಂಟು ಅಂತ ಇತ್ತಲ್ಲ.

ಡೆಲ್ಮರ್ ಫ್ಯೂಸ್ಟ್ ಮಾತಾಡಲಿಲ್ಲ.
ಮೂತಿಯನ್ನು ಮರಳಿನ ಬಕೆಟ್ಟಿಗೆ ತಿರುಗಿಸಿ
ಮೇಲಿನ ಚಿಲಕ ಎತ್ತಿದ.
ಸೊಂಟ ಮುರಿದ ಹಾಗೆ ಬಾಗಿತು ರಿವಾಲ್ವರ್.
ಐದು ಮನೆಯ ಗಾಲಿಯಿಂದ
ನಾಲ್ಕು ತೋಟಾ ಎದ್ದು ನಿಂತವು,
ತಾಮ್ರದ ಕಿಲುಬು ಹಿಡಿದು ಹಸಿರಾಗಿ.

‘ಇದನ್ನ ಹೀಗೇ ತಂದೆಯಾ?’
‘ಸೇಬಿನ ಪಕ್ಕ’ ಅಂದೆ.
ಅವನು ಕನ್ನಡಕ ತೆಗೆದು ಒರೆಸಿದ. ತುಂಬ ಹೊತ್ತು ಒರೆಸಿದ.

ಐದನೆಯ ಮನೆಯಲ್ಲಿ ತೋಟಾ ಇರಲಿಲ್ಲ. ಕಾಗದದ ಸುರುಳಿ.
‘ಕುದುರೆಯ ಕೆಳಗಿನ ಮನೆ ಖಾಲಿ ಬಿಡೋದು ಹಳಬರ ರೂಢಿ,
ಬಿದ್ದರೆ ತಾನಾಗಿ ಸಿಡಿಯಬಾರದು ಅಂತ.’
ಚಿಮಟದಲ್ಲಿ ಎಳೆದು ಪಕ್ಕಕ್ಕಿಟ್ಟ, ಬಿಚ್ಚಲಿಲ್ಲ.
ಅದು ನನ್ನದು ಎಂಬಂತೆ.

ಹಿಡಿಯ ಎರಡೂ ಬದಿ ಒಂದೊಂದು ಗೂಬೆ.
‘ಮ್ಯಾಸಚೂಸೆಟ್ಸಿನವರು, ಸೈಕಲ್ಲೂ ಮಾಡುತ್ತಿದ್ದರು.
ಗೂಬೆ ಮುಂದೆ, ನಳಿಗೆ ಕಡೆ, ನೋಡಿದರೆ ಕರೀ ಮದ್ದಿನ ಕಾಲದ್ದು.
ಹಿಡಿದವರ ಕಡೆ ತಿರುಗಿದ್ದರೆ ಆಮೇಲಿನದು.
ಆದರೆ ಹಿಡಿ ಯಾರಾದರೂ ಬದಲಿಸಿರಬಹುದು.’
ಒಂದು ಸ್ಕ್ರೂ ಬಿಚ್ಚಿ ಒಳಗೆ ದೀಪ ಹಿಡಿದ.
ಸ್ಪ್ರಿಂಗ್ ಸುರುಳಿಯಲ್ಲ, ಚಪ್ಪಟೆ ಪಟ್ಟಿ.
‘ಗೂಬೆ ಸುಳ್ಳು ಹೇಳಿಲ್ಲ.’

ನನ್ನ ಹೊಸ ಪೆಟ್ಟಿಗೆ ಮುಂದಿಟ್ಟೆ. ನಗಲಿಲ್ಲ, ಪುಣ್ಯಾತ್ಮ.
‘ಮೂವತ್ತೆಂಟು ಸರಿ. ಯಾವ ಮೂವತ್ತೆಂಟು?’
ಡಬ್ಬಿಯದೊಂದನ್ನು ನನ್ನದರ ಪಕ್ಕ ನಿಲ್ಲಿಸಿದ:
ನನ್ನದು ಉದ್ದ, ತೆಳು, ಹೊಳೆಯುವ ಹೊಸ ಮದುಮಗ;
ಅದು ಕುಳ್ಳ, ಒಂದು ಕೂದಲಿನಷ್ಟು ದಪ್ಪ.
‘ಹೆಸರು ಒಂದೇ, ಮನೆ ಬೇರೆ.
ಇದು ಅಲ್ಲಿ ಕೂರುವುದಿಲ್ಲ. ಕೂತಿದ್ದರೆ ನಿನ್ನ ಬೆರಳು ಹೋಗುತ್ತಿತ್ತು.’

ಹಾಗಾದರೆ ಇದಕ್ಕೆ ಯಾವುದು ಸರಿ?
‘ಕುಳ್ಳ. ಕರೀ ಮದ್ದು. ಮನಸ್ಸು ಮಾಡಿದರೆ ತುಂಬಿಕೊಡಬಲ್ಲೆ.
ಮನಸ್ಸು ಮಾಡಲ್ಲ. ಕಬ್ಬಿಣಕ್ಕೂ ವಯಸ್ಸಾಗುತ್ತೆ.’

ಆಗ ಸುರುಳಿ ಬಿಚ್ಚಿದೆ.
ಪೆನ್ಸಿಲಿನಲ್ಲಿ ಬರೆದ ರಸೀದಿ, ಸಾವಿರದೊಂಬೈನೂರ ನಲವತ್ತು, ಅಕ್ಟೋಬರ್:
ತೋಟಾ, ಪೆಟ್ಟಿಗೆ ಒಂದು, ಐವತ್ತು.
ಹಳದಿ ಚೀಟಿ ಬಟ್ಟೆ, ಮೂರು ಗಜ.
ಆಸ್ಪಿರಿನ್.

ಡಬ್ಬಿಯಲ್ಲಿ ಎಣಿಸಿದೆ, ನಲವತ್ತೊಂದು. ಇವು ನಾಲ್ಕು.
ಐದು ಇಲ್ಲ.

ಒಂದು ನನಗೆ ಗೊತ್ತು. ಮಂಜುಗಡ್ಡೆಯ ಮೇಲೆ
ಬ್ಲಾಕ್ಕಾಳ ಮುಂಗಾಲು ಮುರಿದಿತ್ತಂತೆ.
ಕುದುರೆ ಎಳೆದು ಕುದುರೆಗೆ.
ನೋವಿಗೂ ಕೋವಿಗೂ ಮದ್ದು ಅಂದರೆ ಮದ್ದೇ.
ಉಳಿದ ನಾಲ್ಕು?
ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಹತ್ತೊಂಬತ್ತು ವರ್ಷ ರಾತ್ರಿಪಾಳಿ, ಒಬ್ಬಳೇ.
ಎಲ್ಲರ ಮಾತೂ ಅವಳ ಬೆರಳ ಸಂದಿಯಲ್ಲಿ ಹಾದು
ಒಂದೂ ಹೊರಗೆ ಬೀಳಲಿಲ್ಲ.
ಯಾರ ಮೇಲೆ ಗೂಬೆ ಕೂರಿಸಲಿ ಈಗ?
ಬೇಲಿಯ ಮೇಲಿನ ಡಬ್ಬಗಳಿಗೆ ಹೊಡೆದು
ಕೈ ಪಳಗಿಸಿಕೊಂಡಿದ್ದಳೋ ಏನೋ.

ತೋಟಾಗಳನ್ನು ಡೆಲ್ಮರ್ ಇಟ್ಟುಕೊಂಡ, ನಾಶ ಮಾಡಲು.
ಹೊಸ ಪೆಟ್ಟಿಗೆ ವಾಪಸ್ ಕೊಡುವಾಗ
ಅಂಗಡಿಯ ಹುಡುಗ ಕೇಳಿದ, ಏನು ತೊಂದರೆ ಅಂತ.
ಉದ್ದ, ಅಂದೆ.

ಮನೆ ಸೇರಿದಾಗ ಕತ್ತಲು.
ಅವಳ ಅಡುಗೆಮನೆ ಕಿಟಕಿಯಲ್ಲಿ ಹಳದಿ ಚೀಟಿ,
ಬಿಸಿಲಿಗೆ ಬೆಳ್ಳಗಾಗಿ, ಮಡಿಕೆಯೊಳಗೆ ಮಾತ್ರ ಹಳದಿ.
ರಸೀದಿಯನ್ನು ಮತ್ತೆ ಸುತ್ತಿ
ಐದನೆಯ ಮನೆಗೆ ತಳ್ಳಿದೆ.
ಸರಿಯಾಗಿ ಕೂತಿತು.